ಮೊಹರಿನೊಳಗಿನ ಪಿಟೀಲು

ಸ್ವೀಡನ್ನಿನ ಕಿರುನಾ ಎಂಬ ಊರಿನ ಚರ್ಚಿನ ಹಿಂದೆ ನಿಂತಿದ್ದ ಲಾರಿಯ ಬಾಗಿಲಿಗೆ ಮದುಮಗ ಯೋಆರ್ ಕಬ್ಬಿಣದ ಕತ್ತರಿ ಇಟ್ಟೇಬಿಟ್ಟಿದ್ದ. ಚಿಲಕಕ್ಕೆ ಹಾಕಿದ್ದ ಸುಂಕದ ಮೊಹರು ಅವನ ಕಿರುಬೆರಳಿನಷ್ಟೂ ದಪ್ಪವಿರಲಿಲ್ಲ.

“ಒಂದು ಸಲ ಅದುಮಿದ್ರೆ ಆಯ್ತು ಮಾವ. ಪಿಟೀಲು ತಗೊಂಡು ಬಾಗಿಲು ಹಾಕ್ಬಿಡೋಣ. ನಾಲ್ಕು ಡಬ್ಬ ಹಾಲಿಗೆ ಇಷ್ಟು ಭಯಾನಾ?”

“ಕೈ ತೆಗಿಯಯ್ಯಾ,” ಅಂದ ಲಾರಿ ಓಡಿಸುವ ಟೋರ್ಗ್ರಿಮ್, ಮದುಮಗಳ ಅಪ್ಪ. “ಹಾಲು ನಾರ್ವೆದು, ಹೋಗೋದೂ ನಾರ್ವೆಗೆ. ಹತ್ತಿರದ ದಾರಿ ಅಂತ ನಿಮ್ಮ ಸ್ವೀಡನ್ ದಾಟ್ತಿದೆ ಅಷ್ಟೆ. ಸುಂಕ ಇಲ್ದೆ ಬಿಟ್ಟಿರೋದೇ ಈ ಮೊಹರು ನಂಬ್ಕೊಂಡು. ಇಲ್ಲಿ ಒಡೆದ್ರೆ, ಅರ್ಧ ಸಾಮಾನು ಇಲ್ಲೇ ಮಾರ್ಕೊಂಡ ಅಂತಾರೆ. ಆಮೇಲೆ ನನ್ನ ಕೈಗೆ ಲಾರಿ ಯಾರು ಕೊಡ್ತಾರೆ?”

ತಪ್ಪು ಅವನದೇ. ಮುಂದಿನ ಸೀಟಿನ ಬಿಸಿಗಾಳಿಗೆ ಹಳೇ ಮರ ಬಿರುಕು ಬಿಡುತ್ತದೆಂದು ಅವನು ಅಜ್ಜನ ಪಿಟೀಲನ್ನು ಯಾವಾಗಲೂ ಹಿಂದೆ, ಸಾಮಾನಿನ ತಂಪಿನಲ್ಲೇ ಇಡುವವನು. ದೇಶದೊಳಗಿನ ಓಡಾಟದಲ್ಲಿ ಬೇಕಾದಾಗ ಬಾಗಿಲು ತೆಗೆದರಾಯಿತು. ಮಗಳ ಮದುವೆಗೆಂದು ಈ ಸಲ ಕಿರುನಾ ಊರಿನ ಮೇಲೆ ಹಾದುಹೋಗುವ ಲಾರಿಯನ್ನು ತಾನೇ ಕೇಳಿ ಪಡೆದಿದ್ದ. ಪಿಟೀಲು ಇಟ್ಟದ್ದು ಮಾತ್ರ ಅದೇ ಹಳೇ ಜಾಗದಲ್ಲಿ. ಓಸ್ಲೋದ ಗೋದಾಮಿನವರು ಮೊಹರು ಹಾಕುವಾಗ ಅವನು ಕಾಫಿ ಕುಡಿಯುತ್ತಿದ್ದ.

ಮಗಳು ಸುನ್ನಿವಾ ಮದುವೆಯ ಲಂಗ ಎತ್ತಿ ಹಿಡಿದು, ಹಿಮದ ಬೂಟಿನಲ್ಲೇ ಓಡಿ ಬಂದಳು. ನಾರ್ವೆಯ ಅವರ ಕಣಿವೆಯಲ್ಲಿ ಪಿಟೀಲಿನವನು ಮುಂದೆ ನಡೆಯದೆ ಮದುಮಗಳು ಗಂಡನ ಜೊತೆ ಹೆಜ್ಜೆ ಇಡುವುದಿಲ್ಲ. ಅವಳ ಅಜ್ಜಿ ನಡೆದದ್ದೂ ಅಮ್ಮ ನಡೆದದ್ದೂ ಇದೇ ಪಿಟೀಲಿನ ಹಿಂದೆ.

“ಸುಂಕದವರಿಗೆ ಫೋನ್ ಮಾಡ್ದೆ ಮಗಳೇ. ಈ ಊರಲ್ಲಿ ಇವತ್ತು ಯಾರೂ ಇಲ್ವಂತೆ. ಗಡಿಗೇ ಬಾ, ನಮ್ಮ ಕಣ್ಣೆದುರಿಗೆ ಬಿಚ್ಚೋಣ ಅಂದ್ರು. ಯಾರದಾದ್ರೂ ಪಿಟೀಲು ಇಸ್ಕೊಳ್ಲಾ?”

“ಬೇಡ.” ಅವಳು ಬಗ್ಗಿ ಮೊಹರನ್ನು ನೋಡಿದಳು. “ಗಡಿ ಎಷ್ಟು ದೂರ?”

“ಎರಡು ಗಂಟೆ.”

“ಹಂಗಾದ್ರೆ ಉಂಗುರ ಇಲ್ಲಿ, ದಿಬ್ಬಣ ಅಲ್ಲಿ. ಯೋಆರ್, ನಿಮ್ಮ ಚಿಕ್ಕಮ್ಮಂದಿರಿಗೆಲ್ಲ ಕೋಟು ಹಾಕ್ಕೊಳ್ಳೋಕೆ ಹೇಳು.”

ಉಂಗುರ ತೊಡಿಸಿಯಾದ ಮೇಲೆ ಮಧ್ಯಾಹ್ನ, ಮುಂದೆ ಹಾಲಿನ ಲಾರಿ, ಹಿಂದೆ ರಿಬ್ಬನ್ ಕಟ್ಟಿದ ಕಾರುಗಳ ಸಾಲು, ಹಿಮದ ಬೆಟ್ಟ ಹತ್ತಿ ಗಡಿಗೆ ಬಂದವು. ನಾರ್ವೆಯ ಸುಂಕದ ಅಧಿಕಾರಿ ರಾಗ್ನಿಲ್ಡ್ ಹೊರಗೆ ಬಂದು ಸಾಲನ್ನು ನೋಡಿದಳು.

“ಇದೇನ್ರೀ, ಹಾಲಿನ ಜೊತೆ ಹಸುಗಳೂ ಬಂದಿವೆಯಾ?”

ಕೋಟು ತೊಟ್ಟ ಚಿಕ್ಕಮ್ಮಂದಿರು ನಕ್ಕರು. ಟೋರ್ಗ್ರಿಮ್‌ಗೆ ನಗು ಬರಲಿಲ್ಲ. ಅವಳು ಮೊಹರಿನ ಸಂಖ್ಯೆ ಓದಿ, ಎಳೆದು ನೋಡಿ, ಕತ್ತರಿಸಿದಳು. ಹಾಲಿನ ಡಬ್ಬಗಳ ನಡುವಿನಿಂದ ಕಪ್ಪು ಪೆಟ್ಟಿಗೆ ಹೊರಗೆ ಬಂತು.

“ಮೊಹರೇನೋ ಸರಿಯಿದೆ. ಆದ್ರೆ ಇದು ಸಾಮಾನಿನ ಪಟ್ಟಿ ಕಾಗದದಲ್ಲಿ ಇಲ್ವಲ್ಲ. ಯಾರದು?”

“ನಂದೇ.”

“ಸಿಕ್ಕಿದ್ದಕ್ಕೆಲ್ಲ ನಂದೇ ಅನ್ನೋರನ್ನ ದಿನಾ ನೋಡ್ತೀನಿ. ನಿಮ್ಮದೇ ಅಂತ ಹೇಗೆ ನಂಬ್ಲಿ?”

ಟೋರ್ಗ್ರಿಮ್ ಕೈಗವಸು ಕಳಚಿ, ತಂತಿ ಬಿಗಿಮಾಡಿ, ಪಿಟೀಲನ್ನು ಗದ್ದದ ಕೆಳಗೆ ಇಟ್ಟು ಮದುಮಗಳ ನಡಿಗೆಯ ಧಾಟಿ ಎತ್ತಿಕೊಂಡ. ಎಂಜಿನ್‌ಗಳು ಒಂದೊಂದಾಗಿ ನಿಂತವು. ಧಾಟಿ ಮೇಲಕ್ಕೇರಿ ಇಳಿಯುವ ತಿರುವಿನಲ್ಲಿ ಬೆರಳು ಜಾರಿ ಒಂದು ಸ್ವರ ಕಿರುಗುಟ್ಟಿತು. ಅವನು ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಸುನ್ನಿವಾ ಯೋಆರನ ತೋಳು ಹಿಡಿದು ಅಪ್ಪನ ಹಿಂದೆ ಹೆಜ್ಜೆ ಹಾಕಿಯಾಗಿತ್ತು. ಕಣ್ಣು ಒರೆಸಿಕೊಳ್ಳುತ್ತಲೇ ರಾಗ್ನಿಲ್ಡ್ ಕಡೆ ತಿರುಗಿ ಹೇಳಿದಳು: “ಬರ್ಕೊಳ್ಳಿ ಮೇಡಂ, ನಮ್ಮಪ್ಪಂದೇ. ಆ ತಿರುವಲ್ಲಿ ಪ್ರತೀ ಸಲ ತಪ್ಪೋನು ಇಡೀ ನಾರ್ವೆಗೆ ಇವನೊಬ್ಬನೇ.”