ಬಸ್ಸಿನ ಹಲಗೆಯ ಕುರ್ಚಿ

ಹಳೆಯ ಮರ ತಾನು ಕೇಳಿದ್ದನ್ನೆಲ್ಲ ಒದರಲು ಶುರುಮಾಡಿದ ಮೇಲೆ ಗದಗಿನಲ್ಲಿ ಹಳೆ ಮಂಚ ಕೊಳ್ಳುವವರೇ ಇಲ್ಲ. ಆದರೆ ಪಾರ್ಕಿನ್ಸನ್ಸ್ ಬಂದ ಈರಪ್ಪನಿಗೆ ಸಲೀಸಾಗಿ ಏಳಲು ಎತ್ತರದ ಕುರ್ಚಿ ಬೇಕಿತ್ತು. ಗುಜರಿಯಲ್ಲಿ ಶಾಲೆಯ ಬೆಂಚು ಮಗ್ಗಿ ಹೇಳುತ್ತಿತ್ತು, ಕೋರ್ಟಿನ ಕಟಕಟೆ ಸುಳ್ಳು ಸಾಕ್ಷಿ ನುಡಿಯುತ್ತಿತ್ತು. ಅವನ ಹೆಂಡತಿ ಗಂಗವ್ವ ಸುಮ್ಮನೆ ಬಿದ್ದಿದ್ದ ಬಸ್ಸಿನ ಹಲಗೆ ತಂದು, ತಾನೇ ಗರಗಸ ಹಿಡಿದು, ಸೀಟನ್ನು ಮುಂದಕ್ಕೆ ವಾಲಿಸಿ ಕುರ್ಚಿ ಮಾಡಿದಳು.

ಮೂವತ್ತು ವರ್ಷ ಕಂಡಕ್ಟರ್ ಆಗಿದ್ದ ಈರಪ್ಪನ ದನಿ ಈಗ ಪಿಸುಮಾತು. ಬಾಗಿಲು ಕಂಡರೆ ಕಾಲುಗಳು ನೆಲಕ್ಕೆ ಅಂಟಿಬಿಡುತ್ತವೆ. ಅವತ್ತು ಕುರ್ಚಿಯಿಂದ ಸಲೀಸಾಗಿಯೇ ಎದ್ದ. ಅಡುಗೆಮನೆಯ ಬಾಗಿಲಲ್ಲಿ ಕಂಬದಂತೆ ನಿಂತುಬಿಟ್ಟ.

ಹಿಂದಿನಿಂದ ಕುರ್ಚಿ ಗುಡುಗಿತು: "ಬಾಗಲ್ದಾಗ ಯಾಕ ನಿಂತೀರಿ? ಒಳಗ ಸರೀರಿ, ಒಳಗ ಜಾಗ ಐತಿ."

ಅದು ಅವನದೇ ಹಳೆಯ ದನಿ.

"ಎಲ್ಲೈತ್ರೀ ಜಾಗ?" ಎಂದು ಈರಪ್ಪ ಗೊಣಗಿದ, ಪ್ರಯಾಣಿಕರು ದಿನಾ ತನಗೆ ಗೊಣಗುತ್ತಿದ್ದ ಹಾಗೆ. ಗೊಣಗುತ್ತಲೇ, ಅವರ ಹಾಗೆಯೇ, ಎರಡು ಹೆಜ್ಜೆ ಒಳಗೆ ಸರಿದ.

ಗಂಗವ್ವ ಚಹಾ ಸೋಸುವುದನ್ನು ನಿಲ್ಲಿಸಿದಳು.

"ಇನ್ನೊಮ್ಮೆ ಬಾಗಲ್ದಾಗ ನಿಂದರ್ರಿ," ಎಂದಳು. "ಆ ದನಿ ಕೇಳಿ ನಾಕು ವರ್ಷ ಆಗಿತ್ತು."