ಕೊನೆಯ ದೋಣಿಯ ಹೊಗೆ

ಕಾಲುವೆ ಹೆಪ್ಪುಗಟ್ಟಿ ದೋಣಿಮನೆಗಳೆಲ್ಲ ಇದ್ದಲ್ಲೇ ಸಿಕ್ಕಿಕೊಂಡಿದ್ದವು. ಬೆಳಿಗ್ಗೆ ಹಾಳೆಯಲ್ಲಿ ಪೆನ್ಸಿಲಿನಿಂದ ಗೀಚಿಕೊಂಡದ್ದನ್ನು ಚಿತ್ರಗಾರ ದಡದಲ್ಲೇ ಕೂತು ಕ್ಯಾನ್ವಾಸಿಗೆ ಇಳಿಸಿ ಬಣ್ಣ ತುಂಬಿ ಮುಗಿಸುವಷ್ಟರಲ್ಲಿ ದಟ್ಟ ಮಂಜು ಕವಿದು ಎದುರಿಗೆ ಏನೂ ಕಾಣದಾಯಿತು.

ದೋಣಿಯವಳೊಬ್ಬಳು ಏದುಸಿರು ಬಿಡುತ್ತ ಬಂದಳು.

"ಕೊನೆಯ ದೋಣಿಯಲ್ಲಿ ಮುದುಕ ಒಬ್ಬನೇ. ದಿನಾ ಬೆಳಿಗ್ಗೆ ಅವನ ಚಿಮಣಿಯಲ್ಲಿ ಹೊಗೆ ಕಂಡರೇ ನಮಗೆ ಸಮಾಧಾನ. ಇವತ್ತು ನಸುಕಿಗೇ ಪೇಟೆಗೆ ಹೋಗಿಬಿಟ್ಟೆ. ನೀವು ನೋಡಿದ್ರಾ?"

ಅವನು ಚಿತ್ರವನ್ನೇ ಅವಳತ್ತ ತಿರುಗಿಸಿದ. ಕೊನೆಯ ದೋಣಿಯಿಂದ ನೀಲಿ ಹೊಗೆ ಏಳುತ್ತಿತ್ತು.

"ನಾನು ಕಂಡದ್ದನ್ನೇ ಬರೆಯೋನು."

"ಸದ್ಯ, ಹೋದ ಜೀವ ಬಂತು," ಎಂದು ಅವಳು ಮನೆಗೆ ಹೊರಟಳು.

ಕುಂಚ ತೊಳೆದು ಬೆಳಗಿನ ಪೆನ್ಸಿಲ್ ಹಾಳೆಯನ್ನು ಸುತ್ತಲು ಹೋದವನು ಹಾಗೇ ನಿಂತ. ಅದರಲ್ಲಿ ಕೊನೆಯ ದೋಣಿಗೆ ಹೊಗೆ ಇರಲಿಲ್ಲ. ಆ ಮೂಲೆ ಬೋಳು ಅನ್ನಿಸಿತೆಂದು ಬಣ್ಣ ಹಚ್ಚುವಾಗ ಅವನೇ ಸೇರಿಸಿದ್ದ.