ಕಾದ ಗಾಡಿ, ಬಿಸಿ ಚಹಾ

ತವರುಮನೆಯ ಮುಂದೆ ಗಾಡಿ ಬಂದು ಒಂದು ನಿಮಿಷವಾಗಿರಬೇಕು. ಅನುಸೂಯಾ ಕೈ ಚಾಚಿ ಚಾವಿ ತಿರುವಿಬಿಟ್ಟಳು. ಇಂಜಿನ್ ಸುಮ್ಮನಾಯಿತು.

"ಏ, ಏನ್ ಮಾಡಿದಿ?" ಗಂಡ ನೇಮಿರಾಜ ಹೌಹಾರಿದ. "ಕಾದ ಗಾಡಿ ಬಂದ್ ಮಾಡಿದ್ರ ಚಾಲೂ ಆಗೂದಿಲ್ಲಂತ ಗೊತ್ತಿಲ್ಲೇನು?"

ಆ ಹಳೆಯ ಟರ್ಬೊ ಡೀಸೆಲ್ ಕಾರಿಗೆ ಅದೊಂದು ಚಾಳಿ. ಮುಂಜಾನೆ ತಣ್ಣಗಿದ್ದಾಗ ಒಂದೇ ಏಟಿಗೆ ಚಾಲೂ ಆಗುತ್ತಿತ್ತು. ಕಾದ ಮೇಲೆ ನಿಲ್ಲಿಸಿದರೆ ಪೂರಾ ಆರುವ ತನಕ ಹಠ. ಹೀಗಾಗಿ ನೇಮಿರಾಜ ತೇರದಾಳದಿಂದ ಮುಧೋಳಕ್ಕೆ ಬಂದಾಗಲೆಲ್ಲ ಗಡಗಡ ಅನ್ನುವ ಗಾಡಿಯಲ್ಲೇ ಕೂತು, ಕಿಟಕಿಯಿಂದ ಚಹಾ ಇಸಿದುಕೊಂಡು ಕುಡಿಯುತ್ತಿದ್ದ. "ಅಳಿಯಾರಿಗೆ ನಮ್ಮ ಮನಿ ಸೇರಂಗಿಲ್ಲ ಬಿಡು," ಎಂದು ಅವ್ವ ಮುನಿಸಿಕೊಂಡಿದ್ದಳು.

ಅನುಸೂಯಾ ಈಗ ಗಂಡನಿಗೆ ಅಂದಳು, "ನಿನ್ನಿ ಜಮಖಂಡ್ಯಾಗ ಶಿವಪುತ್ರ ಮೇಸ್ತ್ರಿ ಹಳೀ ಪಂಪಿನ ಮ್ಯಾಲ ಒದ್ದಿ ಅರಿವಿ ಹಾಕಿ ತಣ್ಣೀರು ಸುರುವಿದ ಕೂಡ್ಲೆ, ಕಾದ ಗಾಡಿ ಚಾಲೂ ಆತಿಲ್ರಿ? ರೋಗ ಡೀಸೆಲ್ ಪಂಪಿಂದ ಅಂತ ಗೊತ್ತಾತು, ಹೊಸಾದು ಕೂಡಿಸ್ಯಾನ. ಇನ್ನ್ಯಾಕ ಅಂಜಿಕಿ? ಇಳೀರಿ."

ನೇಮಿರಾಜ ಇಳಿದ. ಒಳಗೆ ಚಹಾ ಕುಡಿಯುವಾಗಲೂ ಅವನ ಕಣ್ಣು ಬಾಗಿಲಾಚೆಗೇ ಇತ್ತು. ಲೋಟ ಇಟ್ಟವನೇ ಹೊರಗೆ ಓಡಿದ. ಬಾನೆಟ್ಟು ಇನ್ನೂ ಕೈ ಸುಡುತ್ತಿತ್ತು. ಒಳಗೆ ಅನುಸೂಯಾ ಕೂತಲ್ಲಿಂದ ಕದಲಲಿಲ್ಲ. ನೇಮಿರಾಜ ಚಾವಿ ತಿರುವಿದ್ದೇ ತಡ, ಇಂಜಿನ್ ಗುಡುಗಿತು.

"ಹೊಂಟ್ರಲ್ಲವ್ವ ನಿನ್ನ ಗಂಡ," ಎಂದು ಅವ್ವ ಮೋರೆ ತಿರುವಿದಳು.

ಅಷ್ಟರಲ್ಲಿ ಇಂಜಿನ್ ನಿಂತಿತು. ನೇಮಿರಾಜ ಚಾವಿಯನ್ನು ಕಿಸೆಗೆ ಹಾಕಿಕೊಳ್ಳುತ್ತ ಮತ್ತೆ ಒಳಗೆ ಬಂದು, ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತ.

"ಅತ್ತಿ, ನಾವು ಜೈನರು ರಾತ್ರಿ ಉಣ್ಣೂದಿಲ್ಲಲ್ರಿ, ಹೊತ್ತು ಮುಳುಗೂದರೊಳಗ ಊಟಕ್ಕ ಹಾಕ್ರಿ."